ಮೈಕ್ ಕಂಡರೆ ಬಾಯಿ ಒಣಗುವುದೇಕೆ?

ಪ್ರಶ್ನೆ: ನಾಲ್ಕು ಜನರೆದುರು ಮಾತಾಡಬೇಕೆಂದರೆ ಬಾಯಿಯ ಪಸೆ ಆರುತ್ತದೆ, ಹೊಟ್ಟೆ ತೊಳಸುತ್ತದೆ, ಅಂಗೈ ತಣ್ಣಗಾಗುತ್ತದೆ. ಹೆದರುವುದು ಮನಸ್ಸು, ಹೊಟ್ಟೆಗೇನು ಸಂಬಂಧ?

ಉತ್ತರ: ಈ ಸಂಬಂಧವನ್ನು ಬೆಕ್ಕೊಂದು ಚೆನ್ನಾಗಿ ತೋರಿಸಿಕೊಟ್ಟಿದೆ. 1890ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿ ವಾಲ್ಟರ್ ಕ್ಯಾನನ್, ಆಗಷ್ಟೇ ಬಂದಿದ್ದ ಎಕ್ಸ್‌ರೇ ಹಿಡಿದು ಬೆಕ್ಕಿನ ಜಠರ ಆಹಾರವನ್ನು ಅರೆಯುವುದನ್ನು ನೋಡುತ್ತಿದ್ದ. ಬೆಕ್ಕು ಗಾಬರಿಯಾದೊಡನೆ ಜಠರದ ಅಲೆಯಾಟ ನಿಂತುಬಿಡುತ್ತಿತ್ತು. ಅದು ಶಾಂತವಾದರೆ ಮತ್ತೆ ಶುರು. ಮುಂದೆ ಅವನೇ ಇದನ್ನು ‘ಕಾದಾಡು ಇಲ್ಲವೇ ಓಡು’ ಎಂಬ ಸಿದ್ಧತೆಯೆಂದು ವಿವರಿಸಿದ.

ಅಪಾಯವೆಂದು ಮಿದುಳು ಸದ್ದು ಮಾಡಿದರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಎದೆ ಡವಗುಟ್ಟುತ್ತದೆ. ತೊಡೆ, ತೋಳಿನ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಚರ್ಮಕ್ಕೂ ಕರುಳಿಗೂ ಕಡಿಮೆಯಾಗುತ್ತದೆ. ಹುಲಿ ಬೆನ್ನಟ್ಟಿದಾಗ ಊಟ ಅರಗಿಸುವ ಪುರುಸೊತ್ತು ಯಾರಿಗಿದೆ? ಜೊಲ್ಲೂ ಜೀರ್ಣಕ್ರಿಯೆಯ ಭಾಗವೇ, ಅದಕ್ಕೂ ತಾತ್ಕಾಲಿಕ ರಜೆ. ದೇಹದ ತಪ್ಪೇನಿಲ್ಲ, ಮೈಕನ್ನೂ ಹುಲಿಯ ಲೆಕ್ಕಕ್ಕೆ ಸೇರಿಸಿದೆ, ಅಷ್ಟೇ.

‘ಹೆದರಬೇಡ’ ಎಂಬ ಉಪದೇಶ ಇಲ್ಲಿ ದಂಡ. ಒಂದು ಗುಟುಕು ನೀರು ಕುಡಿದು, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಆದರೆ ಎದುರಿಗೆ ಮೈಕೂ ಇಲ್ಲ, ಪರೀಕ್ಷೆಯೂ ಇಲ್ಲ, ಆದರೂ ವಾರಗಟ್ಟಲೆ ಇದೇ ಕಾಟ, ನಿದ್ದೆಯೂ ಇಲ್ಲವೆಂದಾದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.