ತೋಟದ ಶೆಡ್ಡಿನಲ್ಲಿ ಸಿ.ಎನ್.ಸಿ. ಯಂತ್ರ: ಒಂದು ಬೇರಿಂಗ್ ಮನೆಯ ಕಥೆ

ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪಿಂಗ್ ಆಗಬೇಕು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಶಿ ಹಾಕಿದ ಹಣ್ಣು ಬಿಸಿಯೇರಿ ಹುಳಿ ವಾಸನೆ ಹಿಡಿದರೆ ಆಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಮೂರು ವರ್ಷದ ಹಿಂದೆ ಕೊಯ್ಲಿನ ನಟ್ಟನಡುವೆ ನಮ್ಮ ಪಲ್ಪರಿನ ಶಾಫ್ಟನ್ನು ಹೊತ್ತಿದ್ದ ಬೀಡುಕಬ್ಬಿಣದ ಬೇರಿಂಗ್ ಮನೆ ಸೀಳಿತು. ಪಲ್ಪರ್ ಹಳೆಯದು, ಬಿಡಿಭಾಗ ಅಂಗಡಿಯಲ್ಲಿಲ್ಲ, ತರಿಸಲು ಎಂಟು ದಿನ ಎಂದರು. ಆ ಎಂಟು ದಿನ ನೆರೆಯವರ ಪಲ್ಪರಿಗೆ ಹಣ್ಣು ಸಾಗಿಸಿದೆವು. ಅವರದು ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ನಮ್ಮ ಸರದಿ. ಎರಡು ದಿನದ ಹಣ್ಣನ್ನು ವಿಧಿಯಿಲ್ಲದೆ ಚೆರ್ರಿಯಾಗಿಯೇ ಕಣದಲ್ಲಿ ಒಣಗಿಸಿದ್ದಾಯಿತು.

ಆ ಮಳೆಗಾಲದಲ್ಲಿ ನಾನು ಒಂದು ಮಿಲ್ಲಿಂಗ್ ಯಂತ್ರ ಕೊಂಡೆ. ಮುಚ್ಚಿದ ವರ್ಕ್‌ಷಾಪೊಂದರಿಂದ ಬಂದ, ಬೆಂಚಿನ ಮೇಲೆ ಕೂರುವಂಥ ಸಣ್ಣ ಯಂತ್ರ. ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ. ಮಿಲ್ಲಿಂಗಿನಲ್ಲಿ ಕಟ್ಟರ್ ತಿರುಗುತ್ತದೆ, ತುಂಡು ಮೇಜಿನೊಡನೆ ಅತ್ತಿತ್ತ ಸರಿಯುತ್ತದೆ. ಮೂರು ಹಿಡಿಚಕ್ರಗಳಿಂದ ಮೂರು ದಿಕ್ಕಿನ ಚಲನೆ. ಆ ಹಿಡಿಚಕ್ರಗಳ ಜಾಗದಲ್ಲಿ ಮೋಟಾರು ಕೂರಿಸಿ, ಗಣಕಯಂತ್ರ ಕೊಡುವ ಅಂಕಿಗಳಂತೆ ಅವು ತಿರುಗುವಂತೆ ಮಾಡಿದರೆ ಅದೇ ಸಿ.ಎನ್.ಸಿ.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಮಿಶಿಗನ್ ರಾಜ್ಯದ ಜಾನ್ ಪಾರ್ಸನ್ಸ್ ಎಂಬುವರು ಹೆಲಿಕಾಪ್ಟರ್ ರೆಕ್ಕೆಯ ಆಕಾರಗಳನ್ನು ಲೆಕ್ಕದ ಅಂಕಿಗಳಿಂದ ತಯಾರಿಸುವ ಯೋಚನೆ ಮಾಡಿದರು, 1952ರಲ್ಲಿ ಎಂ.ಐ.ಟಿ. ಸಂಸ್ಥೆಯವರು ತೂತು ಹೊಡೆದ ಕಾಗದದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಅಂದು ಅದಕ್ಕೆ ನೂರಾರು ನಿರ್ವಾತ ಕೊಳವೆಗಳು ಬೇಕಾಗಿದ್ದವು. ಇಂದು ಅಂಗೈಗಿಂತ ಚಿಕ್ಕದಾದ ಆರ್ಡುಯಿನೋ ಹಲಗೆಯಲ್ಲಿ, 2009ರಿಂದ ಉಚಿತವಾಗಿ ದೊರೆಯುತ್ತಿರುವ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶ ಆ ಕೆಲಸವನ್ನು ಮಾಡುತ್ತದೆ.

ಲೆಕ್ಕ ಸರಳ. ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಅದನ್ನು ನಡೆಸುವ ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ ಸುತ್ತಿಗೆ 1600. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಸುವುದಾದರೆ ಒಂದು ಮಿ.ಮೀ.ಗೆ 320 ಹೆಜ್ಜೆ. ಕಾಗದದ ಮೇಲೆ ಇದು ಕೂದಲೆಳೆಯನ್ನೂ ಸೀಳುವ ನಿಖರತೆ. ನಾನೂ ಹಾಗೆಂದು ನಂಬಿ ಮೋಸಹೋದವನು.

ನಮ್ಮ ಪಲ್ಪರಿಗೆ ಬೇಕಾದದ್ದು 6205 ಬೇರಿಂಗ್. ಹೊರವ್ಯಾಸ 52 ಮಿ.ಮೀ., ದಪ್ಪ 15. ಅದು ಕೂರುವ ತೂತು 52ಕ್ಕಿಂತ ಹೆಚ್ಚೆಂದರೆ ಮೂರು ನೂರಾಂಶ ಮಿ.ಮೀ. ದೊಡ್ಡದಿರಬಹುದು. ಯಂತ್ರದ ಜೊತೆ ಬಂದ ಸ್ಕ್ರೂಗಳಿಗೇ ಮೋಟಾರು ಜೋಡಿಸಿ ಮೊದಲ ತೂತನ್ನು ಕೊರೆದೆ. ಹೆಮ್ಮೆಯಿಂದ ಪೇಟೆಯ ಲೇತಿನ ಆಚಾರ್ರಿಗೆ ತೋರಿಸಿದೆ. ಅವರು ಅಳತೆ ಕೋಲನ್ನು ಎರಡು ದಿಕ್ಕಿಗೆ ಹಿಡಿದು ನೋಡಿ, “ಗೌಡ್ರೇ, ಇದು ತೂತಲ್ಲ, ಕೋಳಿಮೊಟ್ಟೆ” ಎಂದರು. ಒಂದು ದಿಕ್ಕಿಗೆ 52, ಇನ್ನೊಂದಕ್ಕೆ 51.8.

ತಪ್ಪು ಗಣಕದ್ದಲ್ಲ. ಹಳೆಯ ಸ್ಕ್ರೂವಿಗೂ ಅದರ ಹಿತ್ತಾಳೆ ನಟ್ಟಿಗೂ ನಡುವೆ ಸಡಿಲವಿರುತ್ತದೆ. ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರಲ್ಲ, ಅದು. ಕೈಯಿಂದ ಓಡಿಸುವವನು ಯಾವಾಗಲೂ ಒಂದೇ ಕಡೆಯಿಂದ ಬಂದು ಆ ಸಡಿಲವನ್ನು ತಿಂದುಹಾಕುತ್ತಾನೆ. ವೃತ್ತ ಕೊರೆಯುವ ಯಂತ್ರಕ್ಕೆ ಆ ಅವಕಾಶವಿಲ್ಲ. ಪ್ರತಿ ಸುತ್ತಿಗೂ ಎರಡೂ ದಿಕ್ಕಿನಲ್ಲಿ ಹಿಂತಿರುಗಲೇಬೇಕು. ಹಿಂತಿರುಗುವಾಗ ಮೋಟಾರು ತಿರುಗುತ್ತದೆ, ಮೇಜು ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿರುತ್ತದೆ. ಕೆಲವು ತಂತ್ರಾಂಶಗಳಲ್ಲಿ ಇದನ್ನು ಲೆಕ್ಕದಿಂದ ಸರಿಪಡಿಸುವ ಏರ್ಪಾಡುಂಟು. ಆದರೆ ಕಟ್ಟರ್ ಲೋಹವನ್ನು ಕಚ್ಚಿ ಎಳೆದಾಗ ಮೇಜು ಆ ಸಡಿಲದೊಳಗೇ ಕುಣಿಯುತ್ತದೆ; ಲೆಕ್ಕ ಅದನ್ನು ಹಿಡಿದು ನಿಲ್ಲಿಸಲಾರದು.

ಮದ್ದು ಎಂದರೆ ಬಾಲ್ ಸ್ಕ್ರೂ. ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುವುದರಿಂದ ಸಡಿಲ ಬಹಳ ಕಡಿಮೆ. ಆದರೆ ಅದು ಬಲು ನಯವಾಗಿ ತಿರುಗುವುದರಿಂದಲೇ ಇನ್ನೊಂದು ತಾಪತ್ರಯ. ಹಳೆಯ ಸ್ಕ್ರೂ ತಾನಾಗಿ ಬಿಗಿಹಿಡಿದು ನಿಲ್ಲುತ್ತಿತ್ತು. ಬಾಲ್ ಸ್ಕ್ರೂ ನಿಲ್ಲುವುದಿಲ್ಲ. ಮೊದಲ ದಿನ ಕರೆಂಟು ಹೋದೊಡನೆ ಯಂತ್ರದ ತಲೆ ತನ್ನ ಭಾರಕ್ಕೆ ತಾನೇ ಜಾರಿ ವೈಸಿನ ಮೇಲೆ ಕುಳಿತಿತು. ಬೆರಳು ಕೆಳಗಿರಲಿಲ್ಲ, ಪುಣ್ಯ. ಈಗ ಮೇಲೆ ಬಾವಿಯ ರಾಟೆಯೊಂದನ್ನು ಕಟ್ಟಿ, ಉಕ್ಕಿನ ಹಗ್ಗದ ತುದಿಗೆ ತಕ್ಕಡಿಯ ಹಳೆಯ ತೂಕದ ಕಲ್ಲುಗಳನ್ನು ತೂಗುಬಿಟ್ಟಿದ್ದೇನೆ.

ಕರೆಂಟಿನ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ಕೆಲಸದ ನಡುವೆ ವಿದ್ಯುತ್ ಹೋದರೆ ಯಂತ್ರ ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಅದಕ್ಕೆಂದು ಗಣಕವನ್ನೂ ಡ್ರೈವರುಗಳನ್ನೂ ಯು.ಪಿ.ಎಸ್.ಗೆ ಸೇರಿಸಿದೆ. ಜಾಣತನ ಮಾಡಿದೆ ಎಂದುಕೊಂಡೆ. ಮರುದಿನ ಲೈನು ಹೋಯಿತು: ಕಟ್ಟರ್ ತಿರುಗುವುದು ನಿಂತಿತು, ಮೇಜು ಮಾತ್ರ ಏನೂ ಆಗದವರಂತೆ ಮುಂದೆ ನಡೆಯಿತು. ಕಟ್ಟರ್ ಟಪ್ಪನೆ ಮುರಿಯಿತು. ಈಗ ಮೇನ್ಸ್ ವಿದ್ಯುತ್ತಿನಿಂದ ಒಂದು ರಿಲೇ ಹಾಕಿ, ಲೈನು ಹೋದ ಕ್ಷಣವೇ ಮೇಜಿನ ಚಲನೆಯೂ ನಿಲ್ಲುವಂತೆ ಮಾಡಿದ್ದೇನೆ. ನಮ್ಮ ಮಲೆನಾಡಿನಲ್ಲಿ ಈ ಯಂತ್ರ ಕಟ್ಟುವವರು ಮೊದಲು ಈ ರಿಲೇ ಹಾಕಿ, ಆಮೇಲೆ ಉಳಿದದ್ದನ್ನು ಮಾಡಲಿ. ಅರ್ತಿಂಗನ್ನೂ ಸರಿಯಾಗಿ ಕೊಡಬೇಕು.

ಕೊರೆಯುವ ವೇಗದ ಬಗ್ಗೆಯೂ ಕೆಲವರು ಕೇಳಿದ್ದಾರೆ. ಮೆದು ಉಕ್ಕಿಗೆ ಹೈಸ್ಪೀಡ್ ಸ್ಟೀಲಿನ ಕಟ್ಟರಿನ ಅಂಚು ನಿಮಿಷಕ್ಕೆ 25 ಮೀಟರಿನ ಸುಮಾರಿಗೆ ಓಡಬೇಕು. 10 ಮಿ.ಮೀ. ಕಟ್ಟರಿಗೆ ಅದು ನಿಮಿಷಕ್ಕೆ 800 ಸುತ್ತು. ನಾಲ್ಕು ಹಲ್ಲು, ಪ್ರತಿ ಹಲ್ಲಿಗೆ 0.03 ಮಿ.ಮೀ. ಕಚ್ಚು ಎಂದರೆ ಮೇಜು ನಿಮಿಷಕ್ಕೆ 96 ಮಿ.ಮೀ. ಸರಿಯಬೇಕು. ಹೆದರಿ ಇದಕ್ಕಿಂತ ಬಹಳ ನಿಧಾನ ಮಾಡಿದರೆ ಹಲ್ಲು ಕೊರೆಯದೆ ಉಜ್ಜುತ್ತದೆ, ಕಾದು ಮೊಂಡಾಗುತ್ತದೆ. ಆಳದಲ್ಲಿ ಮಾತ್ರ ಆಸೆ ಬೇಡ. ಇಂಥ ಹಗುರ ಯಂತ್ರಕ್ಕೆ ಅರ್ಧ ಮಿ.ಮೀ. ಸಾಕು. ಅಲ್ಯೂಮಿನಿಯಂ ಕಟ್ಟರಿಗೆ ಅಂಟಿಕೊಳ್ಳುತ್ತದೆ. ಎರಡು ಹನಿ ಸೀಮೆಎಣ್ಣೆ ಬಿಡಿ. ಕನ್ನಡಕವಿಲ್ಲದೆ ಹತ್ತಿರ ಸುಳಿಯಬಾರದು. ಲೋಹದ ಚೂರನ್ನು ಕೈಯಿಂದ ಸರಿಸಬಾರದು.

ಕೊನೆಗೆ ಬೇರಿಂಗ್ ಮನೆ ಆದದ್ದು ಹೀಗೆ. 20 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ, 40 ಮಿ.ಮೀ. ವ್ಯಾಸದ ವೃತ್ತದ ಮೇಲೆ 8 ಮಿ.ಮೀ.ಯ 15 ತೂತುಗಳನ್ನು ಯಂತ್ರವೇ ಸಾಲಾಗಿ ಕೊರೆಯಿತು. ನಡುವಿನ ಬಿಲ್ಲೆಯನ್ನು ಸುತ್ತಿಗೆಯಿಂದ ತಟ್ಟಿ ಬೀಳಿಸಿದೆ. ಎಂಡ್ ಮಿಲ್ 51.8ರವರೆಗೆ ಸುತ್ತಿ ಬಂತು. ಬಾಲ್ ಸ್ಕ್ರೂ ಇದ್ದರೂ ಕೊನೆಯ ಎರಡು ದಶಾಂಶವನ್ನು ನಾನು ಯಂತ್ರದ ಲೆಕ್ಕಕ್ಕೆ ಬಿಡಲಿಲ್ಲ. ಮೇಜನ್ನು ಬಿಗಿದು, ಬೋರಿಂಗ್ ಹೆಡ್ಡಿನಿಂದ ಮುಗಿಸಿದೆ. ಬೇರಿಂಗ್ ಹೆಬ್ಬೆರಳಿನ ಒತ್ತಿಗೆ ಒಳಗೆ ಕೂತಿತು. ಬೋಲ್ಟಿನ ನಾಲ್ಕು ತೂತುಗಳು ಹಳೆಯ ಪಲ್ಪರಿನ ಚೌಕಟ್ಟಿಗೆ ಒಂದೇ ಸಲಕ್ಕೆ ಹೊಂದಿದವು.

ಆಚಾರ್ರು ನೋಡಿ ಎರಡು ಸಲ ಅಳೆದರು. “ಇದನ್ನ ನಾನು ಲೇತಿಗೆ ಕಟ್ಟಿ ಒಂದು ಗಂಟೇಲಿ ಮಾಡಿಕೊಡ್ತಿದ್ದೆ, ಗೌಡ್ರೇ” ಎಂದರು. ನಿಜ. ದುಂಡಗಿನ ಕೆಲಸ ಲೇತಿಗೇ ಸೇರಿದ್ದು. ಹಣದ ಲೆಕ್ಕದಲ್ಲಿ ನೋಡಿದರೂ ನನ್ನ ಯಂತ್ರ ಇನ್ನೂ ಹಾಕಿದ ಹಣವನ್ನು ಹಿಂತಿರುಗಿಸಿಲ್ಲ. ಖರ್ಚಿನ ಚೀಟಿಯನ್ನು ಮನೆಯಲ್ಲಿ ತೋರಿಸಿಯೂ ಇಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ಆಚಾರ್ರ ಬಾಗಿಲಲ್ಲಿ ಎಷ್ಟು ಜನ ಕಾದಿರುತ್ತಾರೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅಚ್ಚಿನ ಲೆಕ್ಕ ಗಣಕದಲ್ಲಿ ಉಳಿದಿದ್ದುದರಿಂದ ಎರಡನೆಯ ಬೇರಿಂಗ್ ಮನೆಯನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ, ಗ್ರೀಸು ಸವರಿ ಪಲ್ಪಿಂಗ್ ಮನೆಯ ಗೂಡಿನಲ್ಲಿಟ್ಟಿದ್ದೇನೆ. ಈಗ ನೆರೆಯವರು ಅಡಿಕೆ ಸುಲಿಯುವ ಯಂತ್ರದ ಸವೆದ ಚೈನು ಚಕ್ರವೊಂದನ್ನು ತಂದುಕೊಟ್ಟು ಹೋಗಿದ್ದಾರೆ. ಅದರ ಹಲ್ಲು ಎಣಿಸುತ್ತಿದ್ದೇನೆ.