ನೀಲಿ ಪರದೆಗೆಲ್ಲ ಫಾರ್ಮ್ಯಾಟೇ ಮದ್ದಲ್ಲ

2024ರ ಜುಲೈ 19ರ ಶುಕ್ರವಾರ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು, ಪ್ರಯಾಣಿಕರ ಉದ್ದನೆಯ ಸಾಲು ಬೆಳೆಯಿತು. ಅಂದು ಜಗತ್ತಿನಾದ್ಯಂತ ನೀಲಿ ಪರದೆ ತೋರಿಸಿ ನಿಂತ ವಿಂಡೋಸ್ ಯಂತ್ರಗಳು ಸುಮಾರು 85 ಲಕ್ಷ ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಮಾನ ನಿಲ್ದಾಣದ ಸುದ್ದಿ ಟಿವಿಯಲ್ಲಿ ನೋಡಿದವರೂ, ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದೇ ನೀಲಿ ಕಂಡವರೂ ಮೊದಲು ಹೇಳುವ ಮಾತು ಒಂದೇ.

“ಬ್ಲೂ ಸ್ಕ್ರೀನ್ ಬಂತು ಅಂದ್ರೆ ವೈರಸ್ ಹೊಕ್ಕಿದೆ”

ಆ ಶುಕ್ರವಾರ ವೈರಸ್ ಇರಲಿಲ್ಲ, ಹ್ಯಾಕರ್‌ಗಳೂ ಇರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ತಂತ್ರಾಂಶಕ್ಕೆ ಕಳಿಸಿದ ಅಪ್‌ಡೇಟ್ ಕಡತವೊಂದರಲ್ಲಿ ದೋಷವಿತ್ತು. ಅದನ್ನು ಓದಲು ಹೋದ ಆ ಕಂಪನಿಯ ಡ್ರೈವರ್ ಮುಗ್ಗರಿಸಿ ವಿಂಡೋಸನ್ನೂ ಕೆಡವಿತು. ಕಳ್ಳರನ್ನು ಹಿಡಿಯಲು ಇಟ್ಟುಕೊಂಡ ತಂತ್ರಾಂಶವೇ ಯಂತ್ರವನ್ನು ನಿಲ್ಲಿಸಿದ ಪ್ರಸಂಗ ಅದು.

ಪ್ರಿಂಟರ್, ಸೌಂಡ್, ವೈಫೈ, ಗ್ರಾಫಿಕ್ಸ್ ಕಾರ್ಡ್ ಮುಂತಾದ ಯಂತ್ರಭಾಗಗಳನ್ನು ವಿಂಡೋಸ್‌ನ ಮಾತಿಗೆ ಕುಣಿಸುವ ಪುಟ್ಟ ತಂತ್ರಾಂಶವೇ ಡ್ರೈವರ್. ಭದ್ರತಾ ತಂತ್ರಾಂಶಗಳಿಗೂ ತಮ್ಮದೇ ಡ್ರೈವರ್ ಇರುವುದುಂಟು. ಮಾಮೂಲಿ ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಹಲವು ಡ್ರೈವರ್‌ಗಳು ಕೆಲಸ ಮಾಡುವುದು ವ್ಯವಸ್ಥೆಯ ಒಳಕೋಣೆಯಾದ ಕರ್ನಲ್‌ನಲ್ಲಿ. ಅಲ್ಲಿ ತಪ್ಪಾದರೆ ಕಡತಗಳು ಕೆಡದಿರಲಿ ಎಂದು ವಿಂಡೋಸ್ ತಾನೇ ನಿಂತುಬಿಡುತ್ತದೆ, ಮನೆಯ ವೈರಿಂಗ್ ಸುಡದಿರಲಿ ಎಂದು ಫ್ಯೂಸ್ ಹಾರುವಂತೆ. ವೈರಸ್ಸಿನಿಂದಲೂ ಹೀಗಾಗಬಹುದು, ಆದರೆ ಅದನ್ನು ಮೊದಲ ಆರೋಪಿ ಮಾಡಬೇಕಿಲ್ಲ.

ಅಂದಹಾಗೆ, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ 2025ರಿಂದ ಈ ಪರದೆ ಕಪ್ಪಾಗಿದೆ. ಬಣ್ಣ ಯಾವುದಾದರೂ ಇರಲಿ, ನೋಡಬೇಕಾದದ್ದು ಕೆಳಗಿನ ಸಣ್ಣ ಸಾಲು: ಸ್ಟಾಪ್ ಕೋಡ್. ಕೆಲವೊಮ್ಮೆ ತಪ್ಪು ಮಾಡಿದ ಡ್ರೈವರ್ ಕಡತದ ಹೆಸರೂ ಅಲ್ಲೇ ಇರುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ರಿಪೇರಿಯವರ ಮುಂದೆ “ಏನೋ ಇಂಗ್ಲಿಷಲ್ಲಿ ಬಂತು ಸಾರ್” ಎನ್ನುವುದು ತಪ್ಪುತ್ತದೆ.

“ಫಾರ್ಮ್ಯಾಟ್ ಹೊಡೆಸಿದ್ರೆ ಎಲ್ಲ ಸರಿಹೋಗುತ್ತೆ”

ನನ್ನ ಲೆಕ್ಕದಲ್ಲಿ ಇಷ್ಟು ನಷ್ಟ ಮಾಡುವ ನಂಬಿಕೆ ಇನ್ನೊಂದಿಲ್ಲ. ಹಳ್ಳಿಯಿಂದ ಸಿಪಿಯು ಹೊತ್ತು ಪೇಟೆಯ ಅಂಗಡಿಗೆ ಬಂದವರಿಗೆ ಸಿಗುವ ಉತ್ತರ ಬಹುಪಾಲು ಇದೇ. ಅಂಗಡಿಯವರಿಗೂ ಅದು ಸಲೀಸು: ದೋಷ ಹುಡುಕುವ ಗೋಜಿಲ್ಲ. ಆದರೆ ರ‍್ಯಾಮ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಭಾಗ) ಅಥವಾ ಹಾರ್ಡ್‌ಡಿಸ್ಕ್ ಕೆಟ್ಟಿದ್ದರೆ ಫಾರ್ಮ್ಯಾಟ್ ಆದ ಮೇಲೂ ಅದೇ ರೋಗ ಮರಳಿ ಬರುತ್ತದೆ. ಡ್ರೈವರ್ ಕೆಟ್ಟಿದ್ದರೆ ಫಾರ್ಮ್ಯಾಟ್‌ನಿಂದ ಗುಣವಾಗಬಹುದು, ನಿಜ. ಆದರೆ ಆ ಒಂದು ಡ್ರೈವರ್ ಬದಲಿಸಲು ಕೆಲವು ನಿಮಿಷ ಸಾಕಿತ್ತು.

ಕಳೆದುಕೊಳ್ಳುವುದೇನು? ಬ್ಯಾಕಪ್ ಇಲ್ಲದಿದ್ದರೆ ಮಗುವಿನ ಫೋಟೊ, ಅಂಗಡಿಯ ಲೆಕ್ಕ, ಜಮೀನಿನ ಸ್ಕ್ಯಾನ್ ಪ್ರತಿಗಳು. ಕನ್ನಡಿಗರಿಗೆ ಇನ್ನೊಂದು ಪೆಟ್ಟಿದೆ. ಹಳೆಯ ನುಡಿ ಫಾಂಟಿನಲ್ಲಿ ಬರೆದಿಟ್ಟ ಅರ್ಜಿ, ಕರಾರು ಪತ್ರಗಳನ್ನು ಫಾರ್ಮ್ಯಾಟ್ ನಂತರ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತಕ್ಕೇ ವೈರಸ್ ಬಡಿಯಿತೆಂದು ಅಳಿಸಿ ಹಾಕುವವರುಂಟು. ಅಕ್ಷರಗಳು ಹಾಗೇ ಇವೆ, ಫಾಂಟ್ ಮಾತ್ರ ಹೋಗಿದೆ. ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಮತ್ತೆ ಹಾಕಿ ಅದೇ ಫಾಂಟ್ ಆರಿಸಿದರೆ ಕನ್ನಡ ಎದ್ದು ಬರುತ್ತದೆ. ಜತೆಗೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟರೆ ಮುಂದೆ ಈ ತಾಪತ್ರಯವಿಲ್ಲ.

ಫಾರ್ಮ್ಯಾಟ್‌ಗೆ ಮುಂಚೆ ಮಾಡಬೇಕಾದ ಕೆಲಸ ಬೇರೆಯೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ಯಂತ್ರ ಯಾವ ದಿನ ಏನಾಗಿ ಬಿತ್ತು, ಅದಕ್ಕೆ ಮುಂಚೆ ಏನನ್ನು ಹಾಕಿದಿರಿ ಎಂಬ ದಿನಚರಿ ತೆರೆದುಕೊಳ್ಳುತ್ತದೆ. ಮಂಗಳವಾರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆಗಿ, ಬುಧವಾರದಿಂದ ಕ್ರ್ಯಾಶ್ ಶುರುವಾಗಿದ್ದರೆ ಗುಮಾನಿ ಎಲ್ಲಿಗೆ ಹೋಗಬೇಕು? ಡಿವೈಸ್ ಮ್ಯಾನೇಜರ್‌ನಲ್ಲಿ ಆ ಭಾಗದ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಳೆಯದು ಮರಳುತ್ತದೆ. ಗುಂಡಿ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ತಯಾರಕರ ತಾಣದಿಂದ ನಿಮ್ಮ ಮಾಡೆಲ್ ಸಂಖ್ಯೆಯದನ್ನೇ ಇಳಿಸಿಕೊಳ್ಳಬೇಕು. ವಿಂಡೋಸ್ ತೆರೆಯುವುದೇ ಇಲ್ಲವೆಂದರೆ ಸೇಫ್ ಮೋಡ್ ಇದೆ. ಅಲ್ಲಿ ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಏಳುತ್ತವೆ. ರ‍್ಯಾಮ್ ಮೇಲೆ ಅನುಮಾನವಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆಯೂ ಒಳಗೇ ಇದೆ, ದುಡ್ಡು ಕೊಡಬೇಕಿಲ್ಲ.

ಡಿವೈಸ್ ಮ್ಯಾನೇಜರ್‌ನಲ್ಲಿ ಯಾವುದಾದರೂ ಭಾಗದ ಮೇಲೆ ಹಳದಿ ತ್ರಿಕೋನ ಕಂಡೊಡನೆ ಆ ಭಾಗ ಸುಟ್ಟುಹೋಯಿತೆಂದು ಹೊಸದು ಕೊಳ್ಳುವವರಿಗೂ ಒಂದು ಮಾತು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಓದಿ. 28 ಎಂದಿದ್ದರೆ ಡ್ರೈವರನ್ನೇ ಹಾಕಿಲ್ಲ, ಅಷ್ಟೆ. 43 ಎಂದಿದ್ದರೆ ಆ ಸಾಧನವೇ ತನಗೆ ತೊಂದರೆಯಿದೆ ಎಂದು ವರದಿ ಮಾಡಿದೆ. ಅದು ಯುಎಸ್‌ಬಿ ಸಾಧನವಾದರೆ ಬೇರೆ ಕಿಂಡಿಯಲ್ಲಿ, ಬೇರೆ ಕಂಪ್ಯೂಟರಿನಲ್ಲಿ ಚುಚ್ಚಿ ನೋಡಿದ ಮೇಲೆ ತೀರ್ಮಾನಿಸಿ. ಇನ್ನು “ನಿಮ್ಮ 17 ಡ್ರೈವರ್ ಹಳತಾಗಿವೆ” ಎಂದು ಹೆದರಿಸುವ ಅಪ್‌ಡೇಟರ್ ತಂತ್ರಾಂಶಗಳ ಸಹವಾಸವೇ ಬೇಡ. ನೆಟ್ಟಗೆ ನಡೆಯುತ್ತಿರುವ ಡ್ರೈವರಿಗೆ ವಯಸ್ಸಾಗಿದೆ ಎಂಬುದು ರೋಗವಲ್ಲ. ಭದ್ರತೆಯ ದುರಸ್ತಿ ಬೇಕಿದ್ದರೆ ವಿಂಡೋಸ್ ಅಪ್‌ಡೇಟ್ ಮತ್ತು ತಯಾರಕರ ತಾಣ ಸಾಕು.

“ಕರೆಂಟ್ ಹೋಗಿ ಬಂದಿದ್ದಕ್ಕೇ ಕೆಟ್ಟಿದ್ದು, ಸ್ಟೆಬಿಲೈಸರ್ ಹಾಕಿದ್ರೆ ಸಾಕು”

ಅರ್ಧ ನಿಜ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಮೋಟಾರುಗಳು ಒಟ್ಟಿಗೆ ಎದ್ದಾಗ ಮನೆಯ ದೀಪ ಮಂಕಾಗುವುದನ್ನು ಹಳ್ಳಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರ್ ಡಿಸ್ಕಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ಕೆಡಬಹುದು. ಆದರೆ ಸ್ಟೆಬಿಲೈಸರ್ ವೋಲ್ಟೇಜನ್ನು ಹದಗೊಳಿಸುತ್ತದೆಯೇ ಹೊರತು ಹೋದ ಕರೆಂಟನ್ನು ತಂದುಕೊಡುವುದಿಲ್ಲ. ಅದಕ್ಕೆ ಯುಪಿಎಸ್ ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ಇರುತ್ತದೆ, ಅದನ್ನು ಮುಟ್ಟಿರುವವರು ಕಡಿಮೆ. ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದು ಕಂಡರೆ ಎಸ್‌ಎಂಪಿಎಸ್ ಹೋಯಿತೆಂದು ಬದಲಿಸಲು ಹೊರಡಬೇಡಿ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂಬುದಷ್ಟೇ ಅದರ ಹೇಳಿಕೆ, ಕಾರಣ ಅದರಲ್ಲಿಲ್ಲ.

“ರ‍್ಯಾಮ್ ಬಿಚ್ಚಿ ರಬ್ಬರಲ್ಲಿ ಉಜ್ಜಿ, ಆಮೇಲೆ ರಿಫ್ರೆಶ್ ಕೊಡಿ”

ಉಜ್ಜಿದ ಮೇಲೆ ಸರಿಹೋಗುವುದುಂಟು. ಪರದೆಯೇ ಬಾರದೆ ಬೀಪ್ ಸದ್ದಷ್ಟೇ ಕೇಳುವಾಗ, ಸಂಪರ್ಕ ಸಡಿಲವಾಗಿದ್ದರೆ ಬಿಚ್ಚಿ ಮತ್ತೆ ಒತ್ತಿ ಕೂರಿಸಿದ್ದೇ ಬಹುಮಟ್ಟಿಗೆ ಮದ್ದು. ಪ್ಲಗ್ ಕಿತ್ತಿಟ್ಟು, ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಮಾಡಿ. ಡ್ರೈವರ್ ತಪ್ಪಿಗೆ ಮಾತ್ರ ರಬ್ಬರ್ ಏನೂ ಮಾಡದು. ರಿಫ್ರೆಶ್ ಅಂತೂ ಡೆಸ್ಕ್‌ಟಾಪಿನ ಚಿತ್ರಗಳನ್ನು ಮತ್ತೊಮ್ಮೆ ಬರೆಯುತ್ತದೆ, ವೇಗ ಹೆಚ್ಚಿಸುವುದಿಲ್ಲ. ಎಷ್ಟು ಸಲ ಒತ್ತಿದರೂ.

“ಪರದೆ ಮೇಲೆ ಮೈಕ್ರೋಸಾಫ್ಟ್ ನಂಬರ್ ಬಂದಿದೆ, ಫೋನ್ ಮಾಡೋಣ”

ಮಾಡಬೇಡಿ. ವಿಂಡೋಸ್‌ನ ನಿಜವಾದ ಕ್ರ್ಯಾಶ್ ಪರದೆಯಲ್ಲಿ ಫೋನ್ ನಂಬರ್ ಇರುವುದಿಲ್ಲ, ಅದು ಕೂಗುವುದೂ ಇಲ್ಲ. ನಂಬರ್ ತೋರಿಸಿ ಸೈರನ್ ಹಾಕುವುದು ಬ್ರೌಸರಿನಲ್ಲಿ ತೆರೆದ ಮೋಸದ ಪುಟ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ಮುಚ್ಚಿದರೆ ಹೋಗುತ್ತದೆ. ಯಾರೋ ಹೇಳಿದರೆಂದು ಎನಿಡೆಸ್ಕ್ ಎಂಬ ದೂರನಿಯಂತ್ರಣ ತಂತ್ರಾಂಶ ಹಾಕಿ ನಿಮ್ಮ ಯಂತ್ರವನ್ನು ಅವರ ಕೈಗೆ ಕೊಡಬೇಡಿ. ಈಗಾಗಲೇ ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಇಂಟರ್ನೆಟ್ ಕಿತ್ತು, ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.