ಚಿತ್ತವೃತ್ತಿವಾಚಕಗಳಾದ ಇಂಗ್ಲಿಷ್ ಪದಗಳ ಅಭ್ಯಾಸಕ್ರಮ

ಮನಸ್ಸಿನ ಅವಸ್ಥೆಗಳನ್ನು ವರ್ಣಿಸುವ ಇಂಗ್ಲಿಷ್ ಪದಗಳನ್ನು ನಮ್ಮ ವಿದ್ಯಾರ್ಥಿಗಳು ಕಲಿಯುವ ಕ್ರಮವು ಸಾಮಾನ್ಯವಾಗಿ ಒಂದೊಂದು ಪದಕ್ಕೂ ಒಂದೊಂದು ಕನ್ನಡ ಪದವನ್ನು ಎದುರಿಗಿಟ್ಟು ಬಾಯಿಪಾಠ ಮಾಡುವುದೇ ಆಗಿದೆ. ಮರ, ಕಲ್ಲು, ಬಾವಿ ಮುಂತಾದ ದ್ರವ್ಯವಾಚಕಗಳಲ್ಲಿ ಈ ಕ್ರಮದಿಂದ ಹೆಚ್ಚಿನ ಬಾಧಕವಿಲ್ಲ. ವಸ್ತುವು ಕಣ್ಣೆದುರಿಗಿದ್ದು ತಪ್ಪನ್ನು ತಾನೇ ತಿದ್ದುತ್ತದೆ. ಚಿತ್ತವೃತ್ತಿಗಳಾದರೋ ಕಣ್ಣಿಗೆ ಕಾಣತಕ್ಕವಲ್ಲ. ಪದವು ತಪ್ಪಿದರೆ ತಿದ್ದುವ ಸಾಕ್ಷಿಯೇ ಇಲ್ಲ. ಆದುದರಿಂದ ಇಂತಹ ಪದಗಳ ಅಭ್ಯಾಸಕ್ಕೆ ನಮ್ಮ ಅಲಂಕಾರಶಾಸ್ತ್ರದ ಭಾವವಿವೇಚನೆಯು ಎಷ್ಟರಮಟ್ಟಿಗೆ ಉಪಕಾರಿಯಾಗಬಲ್ಲುದೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದೆ.

ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇಟಕದಿಬ್ಬನಹಳ್ಳಿಯೆಂಬ ಪೂರ್ಣನಾಮವು ಇಂಗ್ಲಿಷಿನ ಎರಡು ಅಕ್ಷರಗಳಲ್ಲಿ ಅಡಗಿಹೋಗಿರುವುದರಿಂದ, ಅವನ್ನು ಮಾತ್ರ ಬಲ್ಲವನಿಗೆ ದಿಬ್ಬದ ಸುಳಿವೇ ದೊರೆಯದು. ಅರ್ಥವಿಚಾರವಿಲ್ಲದೆ ಎತ್ತಿಕೊಂಡ ಎರವಲು ಪದಗಳ ಗತಿಯೂ ಇದೇ. ಇದಲ್ಲದೆ, ಆಂಧ್ರದ ಗಡಿಗೆ ಸಮೀಪವಾದ ಈ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಬಳಕೆಯಲ್ಲಿದೆ. ಕನ್ನಡದಲ್ಲಿ ‘ದಿಗಿಲು’ ಎಂದರೆ ಥಟ್ಟನೆ ಹುಟ್ಟುವ ಹೆದರಿಕೆ. ತೆಲುಗಿನ ‘ದಿಗುಲು’ ಒಳಗೇ ಕೊರೆಯುವ ಚಿಂತೆಗೂ ಕೊರಗಿಗೂ ಸಲ್ಲುತ್ತದೆ. ಎರಡನ್ನೂ ಕೇಳಿ ಬೆಳೆದ ಬಾಲಕನಿಗೆ ‘ಫಿಯರ್’ ಎಂದರೆ ದಿಗಿಲು ಎಂದಷ್ಟೇ ಹೇಳಿಕೊಟ್ಟರೆ, ಅವನು ಯಾವ ಅರ್ಥವನ್ನು ಗ್ರಹಿಸಿದನೆಂಬುದನ್ನು ಉಪಾಧ್ಯಾಯರು ತಿಳಿಯುವ ಬಗೆ ಹೇಗೆ?

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸ್ಥಾಯಿಗಳು 8, ವ್ಯಭಿಚಾರಿಗಳು 33, ಸಾತ್ತ್ವಿಕಗಳು 8, ಹೀಗೆ ಒಟ್ಟು 49 ಭಾವಗಳನ್ನು ಎಣಿಸಿದ್ದಾನೆ. ಆತನು ಪರ್ಯಾಯಪದವನ್ನು ಕೊಟ್ಟು ಸುಮ್ಮನಾಗದೆ, ಆಯಾ ಭಾವವು ಯಾವ ಕಾರಣದಿಂದ ಹುಟ್ಟುವುದು, ಮೈಯಲ್ಲಿಯೂ ಮಾತಿನಲ್ಲಿಯೂ ಹೇಗೆ ತೋರುವುದು ಎಂಬುದನ್ನು ನಿರೂಪಿಸುತ್ತಾನೆ. ಸ್ಥಾಯಿ, ವ್ಯಭಿಚಾರಿ ಎಂಬ ವಿಭಾಗದಿಂದ ನೆಲೆಯಾಗಿ ನಿಲ್ಲುವುದಾವುದು, ಬಂದುಹೋಗುವುದಾವುದು ಎಂಬುದೂ ಗೊತ್ತಾಗುತ್ತದೆ. ಕಾರಣವೇನು, ಕುರುಹೇನು, ಕಾಲವೆಷ್ಟು? ಈ ಮೂರು ಪ್ರಶ್ನೆಗಳನ್ನು ಇಂಗ್ಲಿಷ್ ಪದಕ್ಕೂ ಹಾಕಬಹುದು.

ಹೇಗೆಂದರೆ: ಎದುರಿಗಿರುವ ಹಾವನ್ನು ಕಂಡು ಹುಟ್ಟುವುದು ‘ಫಿಯರ್’, ಇದು ಭಯ. ಸಿಡಿಲಿನ ಸದ್ದಿಗೆ ಮೈ ಬೆಚ್ಚಿ ಮರುಗಳಿಗೆಯಲ್ಲಿ ಇಳಿಯುವುದು ‘ಫ್ರೈಟ್’. ಸಿಡಿಲು, ಉಲ್ಕಾಪಾತ ಮುಂತಾದುವನ್ನೇ ಕಾರಣವಾಗಿ ಹೇಳಿರುವ ತ್ರಾಸವು ಇದಕ್ಕೆ ಸಮೀಪವಾದುದು. ಮುಂದೆ ಕೇಡಾದೀತೆಂಬ ಅಳುಕು ‘ಅಪ್ರಿಹೆನ್ಷನ್’. ಇದಕ್ಕೆ ಶಂಕೆಯೆಂಬ ಪದವು ಹೊಂದುವಂತೆ ತೋರಿದರೂ, ಭರತನು ಕಳವು, ರಾಜಾಪರಾಧ ಮೊದಲಾದುವನ್ನು ಅದಕ್ಕೆ ಕಾರಣವಾಗಿ ಹೇಳಿರುವುದರಿಂದ ಅದು ಮುಖ್ಯವಾಗಿ ತಪ್ಪು ಬಯಲಾದೀತೆಂಬ ಅಳುಕು. ಆದುದರಿಂದ ಇಂಗ್ಲಿಷ್ ಪದದ ವ್ಯಾಪ್ತಿಯೇ ಹಿರಿದು. ಇಂತಹ ಅಂತರಗಳು ಬಾಯಿಪಾಠದಿಂದ ಎಂದಿಗೂ ಹೊರಪಡುವುದಿಲ್ಲ.

ಇನ್ನು ವ್ಯುತ್ಪತ್ತಿಯ ಸಹಾಯ. ‘ಆಂಗ್ಸೈಟಿ’ ಎಂಬುದು ಒತ್ತು, ಉಸಿರುಕಟ್ಟಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆ; ಸಂಕಟವಾಚಕವಾದ ವೈದಿಕ ‘ಅಂಹಸ್’ ಶಬ್ದವು ಅದರ ಜ್ಞಾತಿ. ‘ಎದೆ ಹಿಡಿದಂತಾಗುತ್ತದೆ’ ಎಂಬ ನಮ್ಮ ಹಳ್ಳಿಯ ಮಾತೂ ಇದೇ ಅನುಭವವನ್ನು ಹೇಳುತ್ತದೆ. ‘ಡಿಪ್ರೆಷನ್’ ಎಂದರೆ ಮೂಲತಃ ಕೆಳಕ್ಕೆ ಅದುಮಲ್ಪಡುವುದು, ನಮ್ಮ ‘ಅವಸಾದ’ವೂ ಕೆಳಕ್ಕೆ ಕುಸಿಯುವುದೇ, ‘ಮನಸ್ಸು ಕುಗ್ಗಿತು’ ಎಂಬ ನಮ್ಮ ಆಡುಮಾತೂ ಅದೇ. ಎಲ್ಲ ಪದಗಳೂ ಹೀಗೆ ಪ್ರಾಚೀನವಾದುವೆಂದು ಭಾವಿಸಲಾಗದು. ‘ನಾಸ್ಟಾಲ್ಜಿಯ’ ಎಂಬುದನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬಾತನು ಮನೆಯ ಹಂಬಲದಿಂದ ಉಂಟಾಗುವ ರೋಗದ ಹೆಸರಾಗಿ ಟಂಕಿಸಿದನು. ಇಂದು ಅದು ಗತಕಾಲದ ಸವಿನೆನಪಿಗೆ ಸಲ್ಲುತ್ತದೆ. ‘ಎಂಪಥಿ’ ಎಂಬುದು ಜರ್ಮನ್ ಪದವೊಂದಕ್ಕೆ ಪ್ರತಿಯಾಗಿ ಟಿಚನರ್ ಎಂಬ ಮನಶ್ಶಾಸ್ತ್ರಜ್ಞನು 1909ರಲ್ಲಿ ಬಳಕೆಗೆ ತಂದ ಪದ.

ಎರಡು ಭಾಷೆಗಳ ವಿಭಾಗಗಳು ಎಲ್ಲೆಡೆಯೂ ಸರಿಹೊಂದುವುವೆಂಬ ನಿರೀಕ್ಷೆಯೂ ಸಲ್ಲದು. ‘ನಾಚಿಕೆ’ ಎಂಬ ನಮ್ಮ ಒಂದೇ ಪದವು ಹೊಸಬರೆದುರು ಮಾತಾಡಲಾರದ ‘ಶೈನೆಸ್’, ಸಭೆಯಲ್ಲಿ ಕಾಲು ಜಾರಿದವನ ‘ಎಂಬರಾಸ್‌ಮೆಂಟ್’, ಮಾನ ಹೋಯಿತೆಂಬ ‘ಶೇಮ್’ ಈ ಮೂರನ್ನೂ ಒಳಗೊಳ್ಳುತ್ತದೆ. ಮಾಡಿದ ತಪ್ಪು ಒಳಗೆ ಚುಚ್ಚುವ ‘ಗಿಲ್ಟ್’ ಮಾತ್ರ ಬೇರೆ. ಪ್ರತಿಯಾಗಿ, ಒಳಗಿನ ಭಾವವನ್ನು ಮುಖದಲ್ಲಿ ತೋರಗೊಡದೆ ಮರೆಸುವ ‘ಅವಹಿತ್ಥ’ಕ್ಕೆ ಸರಿಸಾಟಿಯಾದ ಒಂಟಿಪದವು ಇಂಗ್ಲಿಷಿನ ರೂಢಿಯಲ್ಲಿಲ್ಲ.

ಆದರೆ ಭರತನ ಭಾವನಿರೂಪಣೆಯು ನಾಟ್ಯಕ್ಕಾಗಿ ಹೊರಟುದು, ರೋಗನಿರ್ಣಯಕ್ಕಾಗಿ ಅಲ್ಲ. ವೈದ್ಯರು ‘ಡಿಪ್ರೆಷನ್’ ಎಂದು ಕರೆಯುವ ವ್ಯಾಧಿಯು ಒಂದು ದಿನದ ಬೇಸರವಲ್ಲ. ಮನಸ್ಸಿನ ಕುಗ್ಗುವಿಕೆಯೋ ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದೋ ಕಡಮೆಯೆಂದರೆ ಎರಡು ವಾರ, ದಿನದ ಬಹುಭಾಗ ಇದ್ದು, ನಿದ್ರೆ, ಆಹಾರ, ಕೆಲಸಗಳಲ್ಲಿ ಏರುಪೇರು ಮುಂತಾದ ಲಕ್ಷಣಗಳೂ ಕೂಡಿದಾಗ ಆ ಹೆಸರು ಸಲ್ಲುತ್ತದೆ. ಇಲ್ಲಿಯೂ ಕಾಲ ಮತ್ತು ಕುರುಹುಗಳೇ ನಿರ್ಣಾಯಕವಾಗಿರುವುದನ್ನು ವಾಚಕರು ಗಮನಿಸಬೇಕು. ‘ಡಿಪ್ರೆಷನ್ ಎಂದರೆ ಬೇಸರ’ ಎಂದು ಕಲಿತವನು ಮುಂದೆ ತನ್ನ ತಾಯಿಯ ಮಾತನ್ನು ವೈದ್ಯರಿಗೆ ಭಾಷಾಂತರಿಸಿ ಹೇಳಬೇಕಾಗಿ ಬಂದರೆ, ಇಲ್ಲದ ರೋಗವನ್ನು ಹೇಳಿಯಾನು, ಅಥವಾ ಇರುವ ರೋಗವನ್ನು ಹಗುರಮಾಡಿಯಾನು. ವೈದ್ಯರೂ ಸಾಹಿತಿಗಳೂ ಆಗಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು, ಈ ಶಾಸ್ತ್ರವನ್ನು ಕನ್ನಡದಲ್ಲಿಯೇ ಹೇಳಬಹುದೆಂಬುದಕ್ಕೆ ಆ ಗ್ರಂಥವು ಪ್ರಮಾಣವಾಗಿದೆ.

ಆದುದರಿಂದ ಉಪಾಧ್ಯಾಯರು ಇಂತಹ ಪದವನ್ನು ಬೋಧಿಸುವಾಗ ಮೊದಲು ಒಂದು ಸಂದರ್ಭವನ್ನು ಹೇಳಿ, ಅದಕ್ಕೆ ಮನೆಯಲ್ಲಿ ಆಡುವ ಮಾತೇನೆಂದು ವಿದ್ಯಾರ್ಥಿಯಿಂದಲೇ ಹೊರಡಿಸಿ, ಬಳಿಕ ಮೇಲ್ಕಂಡ ಮೂರು ಪ್ರಶ್ನೆಗಳಿಂದ ಅದನ್ನು ಶೋಧಿಸಿ, ಕಡೆಗೆ ಇಂಗ್ಲಿಷ್ ಪದವನ್ನು ಕೊಡುವುದು ಯುಕ್ತವೆಂದು ತೋರುತ್ತದೆ. ತಳಮಳ, ಕಸಿವಿಸಿ, ಹಳಹಳಿಕೆ, ಮುಜುಗರ, ಸೆಡವು ಮುಂತಾದ ನಮ್ಮ ಪದಗಳ ಅರ್ಥವೂ ಇದರಿಂದ ಸ್ಫುಟವಾಗುವುದು. ಒಂದೊಂದು ಸೀಮೆಯ ಉಪಾಧ್ಯಾಯರೂ ತಮ್ಮ ಕಡೆಯ ಇಂತಹ ಮಾತುಗಳನ್ನು ಸಂದರ್ಭಸಹಿತವಾಗಿ ಬರೆದಿಟ್ಟರೆ ಕೋಶಕಾರರಿಗೂ ವೈದ್ಯರಿಗೂ ಮಹೋಪಕಾರವಾದೀತು. ವಿದ್ವಾಂಸರು ಈ ವಿಷಯದಲ್ಲಿ ವಿಚಾರಮಾಡಬೇಕೆಂದು ಪ್ರಾರ್ಥಿಸುತ್ತೇನೆ.